‘ಹಾರ್ಡ್’ ಎಂದರೆ ಕಠಿಣವೇ?

ಇಂಗ್ಲಿಷ್ ಭಾಷೆಯಲ್ಲಿ ‘ಹಾರ್ಡ್’ ಎಂಬುದೊಂದು ವಿಶೇಷಣವುಂಟು. ನಾಲ್ಕೇ ಅಕ್ಷರಗಳ ಪದ; ಆ ನಾಡಿನ ಮಕ್ಕಳು ಮಾತು ಕಲಿಯುವಾಗಲೇ ಕಲಿತುಬಿಡುವ ಪದ. ಇಂತಹುದು ಕನ್ನಡಕ್ಕೆ ಬರುವಾಗ ಯಾವ ತೊಡಕೂ ಇರಲಾರದೆಂದು ತೋರುವುದು ಸಹಜವೇ ಸರಿ. ಭಾಷಾಂತರಕಾರರಿಗೂ ಹಾಗೆಯೇ ತೋರಿದೆ. ಅವರು ‘ಹಾರ್ಡ್’ ಕಂಡಲ್ಲೆಲ್ಲ ‘ಕಠಿಣ’ವೆಂದು ಬರೆದು, ಕೆಲಸ ಮುಗಿಯಿತೆಂದು ಮುಂದಿನ ವಾಕ್ಯಕ್ಕೆ ಸಾಗುತ್ತಾರೆ. ಈ ಸುಲಭೋಪಾಯದಿಂದ ಕನ್ನಡಕ್ಕೆ ಆಗುತ್ತಿರುವ ಹಾನಿಯು ಅಲ್ಪವಲ್ಲವೆಂದೂ, ಅದು ಶೈಲಿಯ ಹಾನಿಯಷ್ಟೇ ಆಗಿರದೆ ತಿಳಿವಳಿಕೆಯ ಹಾನಿಯೂ ಆಗಿದೆಯೆಂದೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಯಾವುದಾದರೊಂದು ಸುಶಿಕ್ಷಿತ ಮನೆಯ ಒಂದು ದಿನದ ಓದನ್ನು ಪರೀಕ್ಷಿಸಿದರೆ ಸಾಕು. ಬೆಳಗಿನ ವೃತ್ತಪತ್ರಿಕೆಯಲ್ಲಿ ತಪ್ಪಿತಸ್ಥರ ಮೇಲೆ ‘ಕಠಿಣ ಕ್ರಮ’ ಕೈಗೊಳ್ಳಲಾಗುವುದೆಂಬ ಆಶ್ವಾಸನೆಯಿರುತ್ತದೆ. ಅದೇ ಪುಟದ ಮೂಲೆಯಲ್ಲಿ ಒಬ್ಬನಿಗೆ ‘ಕಠಿಣ ಸಜೆ’ಯಾದ ಸುದ್ದಿ. ಮನೆಯ ಹುಡುಗನ ವಿಜ್ಞಾನದ ಪುಸ್ತಕದಲ್ಲಿ ವಜ್ರವು ಅತ್ಯಂತ ‘ಕಠಿಣ’ ವಸ್ತು. ಮುಂದಿನ ಪಾಠದಲ್ಲಿ ಬಾವಿಯ ನೀರಿಗೂ ‘ಕಾಠಿಣ್ಯ’. ಭೂಗೋಳದಲ್ಲಿ ‘ಕಠಿಣ ಶಿಲೆ’, ‘ಕಠಿಣ ಮರ’. ಶಾಲೆಯ ವಾರ್ಷಿಕೋತ್ಸವದ ಅಧ್ಯಕ್ಷರು ಬಹುಮಾನ ಹಂಚುತ್ತ ‘ಕಠಿಣ ಪರಿಶ್ರಮ’ದ ಮಹಿಮೆಯನ್ನು ಸಾರುತ್ತಾರೆ. ಪರೀಕ್ಷೆ ಮುಗಿಸಿ ಬಂದ ಹುಡುಗಿಯು ಗಣಿತದ ಪ್ರಶ್ನೆಗಳು ‘ಕಠಿಣ’ವಾಗಿದ್ದುವೆಂದು ಹೇಳುತ್ತಾಳೆ. ಇವುಗಳಲ್ಲಿ ಹೆಚ್ಚಿನವುಗಳ ಹಿಂದೆ ಇಂಗ್ಲಿಷಿನ ಆ ಒಂದೇ ಪದ ನಿಂತಿದೆ. ಆದರೆ ಕ್ರಮ, ಸಜೆ, ವಜ್ರ, ನೀರು, ಶಿಲೆ, ಮರ, ಪ್ರಶ್ನೆ ಇವೆಲ್ಲಕ್ಕೂ ಸಮಾನವಾದ ಗುಣವೊಂದಿದೆಯೆಂದು ಯಾರು ತಾನೆ ಎದೆ ಮುಟ್ಟಿ ಹೇಳಬಲ್ಲರು?

ಇಂಗ್ಲಿಷಿನಲ್ಲಿ ಈ ಪದಕ್ಕೆ ಇಷ್ಟು ಅರ್ಥಗಳು ಬಂದದ್ದು ಯಾವ ತರ್ಕದಿಂದಲೂ ಅಲ್ಲ. ಆ ಜನರ ಇತಿಹಾಸದಿಂದ. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವರೂಪಕ್ಕೆ ಗಟ್ಟಿಯಾದುದು ಎಂಬುದರ ಜೊತೆಗೆ ಉಗ್ರವಾದುದು, ಶೌರ್ಯವುಳ್ಳದ್ದು ಎಂಬ ಅರ್ಥಗಳೂ ಇದ್ದುವು. ರಿಚರ್ಡ್, ಲಿಯೊನಾರ್ಡ್, ಬರ್ನಾರ್ಡ್ ಮೊದಲಾದ ಹೆಸರುಗಳ ಕೊನೆಯಲ್ಲಿರುವುದು ಈ ಪದವೇ. ಲಿಯೊನಾರ್ಡನೆಂದರೆ ಸಿಂಹದಂತೆ ಕೆಚ್ಚುಳ್ಳವನು, ಬರ್ನಾರ್ಡನೆಂದರೆ ಕರಡಿಯಂತೆ ಕೆಚ್ಚುಳ್ಳವನು. ಗ್ರೀಕರಲ್ಲಿ ಬಲ, ಆಳ್ವಿಕೆ ಎಂಬರ್ಥದ ‘ಕ್ರಾತೊಸ್’ ಎಂಬುದು ಇದರ ಜ್ಞಾತಿಯೆಂದು ನಿರುಕ್ತಕಾರರ ಮತ. ಯುದ್ಧದ ಕೆಚ್ಚಿನಿಂದ ಕ್ರೌರ್ಯಕ್ಕೆ, ಕ್ರೌರ್ಯದಿಂದ ಕಷ್ಟಕ್ಕೆ, ಕಷ್ಟದಿಂದ ಶ್ರಮಕ್ಕೆ ಅರ್ಥವು ಹರಿಯಿತು. ಅದರಿಂದ ಹುಟ್ಟಿದ ‘ಹಾರ್ಡ್ಲಿ’ ಎಂಬ ಅವ್ಯಯವಂತೂ ಧೈರ್ಯದಿಂದ ಎಂಬುದರಿಂದ ಹೊರಟು, ಕಷ್ಟದಿಂದ ಎಂಬುದನ್ನು ದಾಟಿ, ಈಗ ‘ಇಲ್ಲವೆಂಬಷ್ಟು ಕಡಮೆ’ ಎಂಬಲ್ಲಿಗೆ ಬಂದು ನಿಂತಿದೆ. ಇಂಗ್ಲಿಷಿನವನು ‘ಹಾರ್ಡ್’ ಆಗಿ ದುಡಿಯುತ್ತಾನೆಂದರೆ ಮೈಮುರಿದು ದುಡಿಯುತ್ತಾನೆಂದು ಅರ್ಥ. ‘ಹಾರ್ಡ್ಲಿ’ ದುಡಿಯುತ್ತಾನೆಂದರೆ ದುಡಿಯುವುದೇ ಇಲ್ಲವೆಂದು ಅರ್ಥ. ಕಿವಿ ಮಂದವಾದವನನ್ನು ಅವರು ಕೇಳ್ಮೆಯಲ್ಲಿ ‘ಹಾರ್ಡ್’ ಎನ್ನುತ್ತಾರೆ; ಮಗ್ಗುಲಲ್ಲಿರುವ ಮನೆಗೂ ಹಿಂದೆ ಅದೇ ಪದವನ್ನು ಹತ್ತಿರವೆಂಬ ಅರ್ಥದಲ್ಲಿ ಬಳಸುತ್ತಿದ್ದರು. ಇಂತಹ ಪದದ ಹಿಂದೆ ಕಣ್ಣು ಮುಚ್ಚಿ ನಡೆಯುವವನು ಯಾವ ಹಳ್ಳಕ್ಕೆ ಬೀಳುವನೋ ಹೇಳಬರುವಂತಿಲ್ಲ.

ಪ್ರತಿಯೊಂದು ಭಾಷೆಯಲ್ಲಿಯೂ ಇಂತಹ ಹರವಿನ ಪದಗಳಿವೆ. ಕನ್ನಡದ ‘ಗಟ್ಟಿ’ಯನ್ನೇ ನೋಡಬಹುದು. ಗಟ್ಟಿ ನೆಲ, ಗಟ್ಟಿ ಮೊಸರು, ಗಟ್ಟಿ ಚಿನ್ನ, ಗಟ್ಟಿ ಮನಸ್ಸು, ಗಟ್ಟಿ ಆಳು, ಗಟ್ಟಿ ದನಿ ಎನ್ನುವಾಗ ಒಂದೊಂದು ಕಡೆಯಲ್ಲಿಯೂ ಅದರ ಅರ್ಥ ಬೇರೆ. ‘ಮಗ್ಗಿಯನ್ನು ಗಟ್ಟಿಮಾಡು’ ಎಂದರೆ ಬಾಯಿಪಾಠ ಮಾಡೆಂದು. ‘ಗಟ್ಟಿಯಾಗಿ ಓದು’ ಎಂದರೆ ದನಿಯೆತ್ತಿ ಓದೆಂದು. ಒಬ್ಬ ಇಂಗ್ಲಿಷಿನವನು ಕನ್ನಡ ಕಲಿತು, ಗಟ್ಟಿಗೆ ‘ಹಾರ್ಡ್’ ಎಂದು ಗುರುತು ಹಾಕಿಕೊಂಡು, ಈ ಎಲ್ಲ ಮಾತುಗಳನ್ನೂ ಆ ಒಂದು ಪದದಿಂದಲೇ ತನ್ನ ಭಾಷೆಗೆ ತಿರುಗಿಸಿದರೆ ಅವನ ನಾಡಿನವರು ನಗದೆ ಇರಲಾರರು. ಅವನು ಮಾಡಿದರೆ ನಗೆಗೀಡಾಗುವ ಕೆಲಸವನ್ನು ಕನ್ನಡಿಗರು ಮಾಡಿದಾಗ ಅದಕ್ಕೆ ಪಾರಿಭಾಷಿಕ ಶಬ್ದವೆಂದು ಹೆಸರಿಡುವುದು ಎಲ್ಲಿಯ ನ್ಯಾಯ?

ವಿಜ್ಞಾನದಿಂದಲೇ ಪರೀಕ್ಷೆಯನ್ನು ಆರಂಭಿಸುವುದು ಒಳ್ಳೆಯದು. ಏಕೆಂದರೆ ‘ಕಠಿಣ’ವನ್ನು ಸಮರ್ಥಿಸುವವರು ಮೊದಲು ಅದರ ಮರೆಯಲ್ಲಿಯೇ ನಿಲ್ಲುತ್ತಾರೆ. ಖನಿಜಶಾಸ್ತ್ರದಲ್ಲಿ ‘ಹಾರ್ಡ್’ ಎಂಬುದಕ್ಕೆ ಒಂದು ಖಚಿತವಾದ ಅರ್ಥವಿದೆ: ಗೀರಿದರೆ ಗೆರೆ ಬೀಳದಿರುವುದು. ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು ೧೮೧೨ರಲ್ಲಿ ಹತ್ತು ಖನಿಜಗಳನ್ನು ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿದನು. ಬಳಪದ ಕಲ್ಲಿನ ಮುಖ್ಯಾಂಶವಾದ ಟಾಲ್ಕ್ ಮೊದಲನೆಯದು, ಬೆಣಚುಕಲ್ಲು ಏಳನೆಯದು, ಸಾಣೆಗೆ ಬಳಸುವ ಕುರುಂದ ಒಂಬತ್ತನೆಯದು, ವಜ್ರ ಹತ್ತನೆಯದು. ಮೇಲಿನದು ಕೆಳಗಿನದನ್ನು ಗೀರಬಲ್ಲುದು, ಕೆಳಗಿನದು ಮೇಲಿನದನ್ನು ಗೀರಲಾರದು. ಈ ಪಟ್ಟಿ ಹೇಳುವುದು ಇಷ್ಟನ್ನೇ. ಈ ಅಂಕೆಗಳು ತರಗತಿಯಲ್ಲಿ ಹುಡುಗರಿಗೆ ಕೊಡುವ ಸ್ಥಾನಗಳಂತೆ, ಅಳತೆಗಳಲ್ಲ. ಕುರುಂದಕ್ಕೂ ವಜ್ರಕ್ಕೂ ಸ್ಥಾನದಲ್ಲಿರುವ ಅಂತರ ಒಂದೇ ಆದರೂ, ಯಂತ್ರದಿಂದ ಅಳೆದರೆ ವಜ್ರವು ಕುರುಂದದ ಸುಮಾರು ನಾಲ್ಕರಷ್ಟಾಗುತ್ತದೆ.

ಇನ್ನು, ಗೀರಿಗೆ ಮಣಿಯದುದು ಪೆಟ್ಟಿಗೂ ಮಣಿಯುವುದಿಲ್ಲವೆ? ಇಲ್ಲಿಯೇ ‘ಕಠಿಣ’ವೆಂಬ ಮಾತು ಓದುವವನಿಗೆ ದಾರಿ ತಪ್ಪಿಸುತ್ತದೆ. ವಜ್ರವು ಅತ್ಯಂತ ಕಠಿಣವೆಂದು ಓದಿದ ಹುಡುಗನು ಅದನ್ನು ಸುತ್ತಿಗೆಯಿಂದ ಒಡೆಯಲಾಗದೆಂದು ತಿಳಿಯುತ್ತಾನೆ. ರೋಮಿನ ಪ್ಲಿನಿಯೂ ಹಾಗೆಯೇ ತಿಳಿದಿದ್ದನು. ವಜ್ರವನ್ನು ಅಡಿಗಲ್ಲಿನ ಮೇಲಿಟ್ಟು ಹೊಡೆದರೆ ಸುತ್ತಿಗೆಯೇ ಸಿಡಿಯುವುದೆಂದೂ, ಬಿಸಿಯಾದ ಆಡಿನ ರಕ್ತದಲ್ಲಿ ನೆನೆಸಿದರೆ ಮಾತ್ರ ಅದು ಒಡೆಯುವುದೆಂದೂ ಅವನು ಬರೆದಿಟ್ಟನು. ಇದು ಸುಳ್ಳು. ವಜ್ರದೊಳಗೆ ನಿಯತವಾದ ಸೀಳುಮೈಗಳಿವೆ. ಅವುಗಳ ನೇರಕ್ಕೆ ಒಂದು ಪೆಟ್ಟು ಬಿದ್ದರೆ ಅದು ಕಟ್ಟಿಗೆಯಂತೆ ಸೀಳುತ್ತದೆ. ೧೯೦೫ರಲ್ಲಿ ದಕ್ಷಿಣ ಆಫ್ರಿಕದಲ್ಲಿ ದೊರೆತ ಕಲ್ಲಿನನ್ ಎಂಬ ವಜ್ರವು ೩೧೦೬ ಕ್ಯಾರಟ್ ತೂಗುತ್ತಿತ್ತು. ೧೯೦೮ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕುಶಲನೊಬ್ಬನು ಅದನ್ನು ಉಕ್ಕಿನ ಅಲಗಿಟ್ಟು ಹೊಡೆದು ಸೀಳಿದನು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗಾಜಿನ ಚೂರು ತಾಮ್ರದ ಚೆಂಬನ್ನು ಗೀರುತ್ತದೆ. ತಾಮ್ರವು ಗಾಜನ್ನು ಗೀರಲಾರದು. ಆದುದರಿಂದ ಮೋಸನ ಲೆಕ್ಕದಲ್ಲಿ ಗಾಜೇ ಹೆಚ್ಚಿನದು. ಆದರೆ ಗಾಜಿನ ಲೋಟವೂ ತಾಮ್ರದ ಚೆಂಬೂ ಕೈಜಾರಿ ಬಿದ್ದಾಗ ಅಡುಗೆಮನೆಯಲ್ಲಿ ಯಾವುದನ್ನು ಗುಡಿಸಬೇಕಾಗುವುದೆಂದು ಎಲ್ಲ ಗೃಹಿಣಿಯರೂ ಬಲ್ಲರು.

ಕಮ್ಮಾರನು ಈ ಭೇದವನ್ನು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದಾನೆ. ಕೆಂಪಗೆ ಕಾಯ್ದ ಉಕ್ಕನ್ನು ನೀರಿಗೆ ಅದ್ದಿದರೆ ಅದು ಗಡಸಾಗುತ್ತದೆ; ಆದರೆ ಅದರೊಡನೆ ಪೆಡಸೂ ಆಗಿ, ಪೆಟ್ಟು ಬಿದ್ದಾಗ ಮುರಿಯುತ್ತದೆ. ಆದುದರಿಂದ ಅವನು ಅದನ್ನು ಮತ್ತೆ ಹಿತವಾಗಿ ಕಾಯಿಸಿ, ಗಡಸನ್ನು ಸ್ವಲ್ಪ ಬಿಟ್ಟುಕೊಟ್ಟು, ತಾಳಿಕೆಯನ್ನು ಪಡೆಯುತ್ತಾನೆ. ಇದಕ್ಕೆ ಅವನು ಹದವೆನ್ನುತ್ತಾನೆ. ಕೊಡಲಿಯ ಹದ ಬೇರೆ, ಅರದ ಹದ ಬೇರೆ. ಕಬ್ಬಿಣವನ್ನು ತಿನ್ನುವ ಅರವು ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡಾಗುತ್ತದೆ. ಮರ ಸೀಳುವ ಕೊಡಲಿ ಹಾಗಾಗುವುದಿಲ್ಲ. ಕುಲುಮೆಯ ಮುಂದೆ ಗಡಸು, ಪೆಡಸು, ಹದ ಎಂದು ಮೂರು ಮಾತುಗಳಿರುವಾಗ, ಶಾಲೆಯ ಪುಸ್ತಕಕ್ಕೆ ‘ಕಠಿಣ’ವೊಂದೇ ಸಾಕಾಗಿರುವುದು ಯಾರಿಗೆ ಗೌರವ? ಸ್ವೀಡನ್ನಿನ ಬ್ರಿನೆಲ್ ಎಂಬ ಯಂತ್ರಶಾಸ್ತ್ರಜ್ಞನು ೧೯೦೦ರಲ್ಲಿ ಲೋಹಗಳಿಗಾಗಿ ಬೇರೊಂದು ಪರೀಕ್ಷೆಯನ್ನು ತಂದನು. ಉಕ್ಕಿನ ಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ತಗ್ಗನ್ನು ಅಳೆಯುವುದೇ ಆ ಕ್ರಮ. ಗೀರನ್ನು ತಡೆಯುವುದು ಒಂದು, ಒತ್ತನ್ನು ತಡೆಯುವುದು ಇನ್ನೊಂದು. ಆ ಶಾಸ್ತ್ರಜ್ಞರೇ ತಮ್ಮ ‘ಹಾರ್ಡ್’ ಎಂಬುದನ್ನು ಒಡೆದು ನೋಡಿರುವಾಗ, ಅದನ್ನು ಮತ್ತೆ ಒಂದೇ ಮುದ್ದೆಯಾಗಿ ಕಟ್ಟುವ ಕೆಲಸ ಕನ್ನಡಕ್ಕೆ ಏಕೆ?

ಕನ್ನಡ ನಾಡಿನ ಶಿಲೆಗಳೂ ಇದಕ್ಕೆ ಸಾಕ್ಷಿಯಾಗಿವೆ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲು ಬಳಪದ ಜಾತಿಗೆ ಸೇರಿದುದು. ಉಳಿಯ ಬಾಯಿಗೆ ಸುಲಭವಾಗಿ ಒದಗುವಷ್ಟು ಮೆದು. ಆದುದರಿಂದಲೇ ಅಲ್ಲಿ ಬಳೆ ಕಡಗಗಳ ಎಳೆಯೆಳೆಯೂ ಮೂಡಿತು. ಮೆದುವೆಂಬ ಕಾರಣಕ್ಕೆ ಆ ಕಲ್ಲೇನೂ ಕರಗಿಹೋಗಲಿಲ್ಲ. ಒಂಬತ್ತು ಶತಮಾನಗಳ ಬಿಸಿಲು ಮಳೆಗಳನ್ನು ಕಂಡು ನಿಂತಿದೆ. ಬಾದಾಮಿಯ ಮರಳುಗಲ್ಲಿನ ಪರಿ ಇನ್ನೊಂದು. ಅದರ ಹರಳುಗಳು ಬಹುಮಟ್ಟಿಗೆ ಬೆಣಚಿನವು. ಮೋಸನ ಪಟ್ಟಿಯಲ್ಲಿ ಏಳನೆಯ ಸ್ಥಾನದವು. ಕಬ್ಬಿಣದ ಚಾಕುವಿಗೂ ಜಗ್ಗವು. ಆದರೆ ಹರಳಿಗೂ ಹರಳಿಗೂ ನಡುವಣ ಬೆಸುಗೆ ಸಡಿಲವಾದೆಡೆ ಅದೇ ಕಲ್ಲು ಕೈಯಿಂದ ಉಜ್ಜಿದರೂ ಪುಡಿಯುದುರುತ್ತದೆ. ಹಾಗಾದರೆ ಮರಳುಗಲ್ಲು ಕಠಿಣವೋ ಮೃದುವೋ? ಹರಳನ್ನು ಕೇಳಿದರೆ ಒಂದು ಉತ್ತರ, ಬಂಡೆಯನ್ನು ಕೇಳಿದರೆ ಇನ್ನೊಂದು. ಅಂತರ್ಜಲದ ವರದಿಗಳಲ್ಲಿ ಬರುವ ‘ಕಠಿಣ ಶಿಲಾಪ್ರದೇಶ’ವೆಂಬುದಕ್ಕಂತೂ ಈ ಎರಡರ ಸಂಬಂಧವೂ ಇಲ್ಲ. ಅಲ್ಲಿಯ ಅರ್ಥವೇನೆಂದರೆ, ಬಂಡೆಯ ಮೈಯೊಳಗೆ ನೀರು ನಿಲ್ಲುವ ರಂಧ್ರಗಳಿಲ್ಲ. ನೀರೇನಿದ್ದರೂ ಬಿರುಕುಗಳಲ್ಲಿಯೂ ಮೇಲೆ ಶಿಥಿಲವಾದ ಪದರದಲ್ಲಿಯೂ ಇರತಕ್ಕದ್ದು ಎಂದು. ಕರ್ನಾಟಕದ ಬಹುಭಾಗವು ಇಂತಹ ನೆಲವೇ ಆಗಿದೆ. ಕೊಳವೆಬಾವಿಗೆ ಸಾಲ ತೆಗೆಯುವ ರೈತನಿಗೆ ಬೇಕಾದ ತಿಳಿವಳಿಕೆ ಇದು: ಆಳಕ್ಕೆ ಹೋದಷ್ಟೂ ನೀರು ಹೆಚ್ಚುವುದೆಂಬ ಭರವಸೆಯಿಲ್ಲ, ಬಿರುಕು ಸಿಕ್ಕಿದರುಂಟು, ಇಲ್ಲವಾದರಿಲ್ಲ. ‘ಕಠಿಣ ಶಿಲೆ’ ಎಂದು ಓದಿದವನಿಗೆ ಕೊರೆಯುವುದು ಕಷ್ಟವೆಂದಷ್ಟೇ ತೋರುತ್ತದೆ. ಕೊರೆಯುವ ಯಂತ್ರ ಬಲವಾಗಿದ್ದರೆ ಸಾಕೆಂಬ ಭ್ರಾಂತಿಯೂ ಅದರಿಂದಲೇ ಹುಟ್ಟುತ್ತದೆ.

ಮರದ ಮಾತು ಇದಕ್ಕಿಂತ ವಿಚಿತ್ರವಾದುದು. ಇಂಗ್ಲಿಷಿನ ‘ಹಾರ್ಡ್‌ವುಡ್’ ಎಂಬುದು ಮರದ ಗಟ್ಟಿತನವನ್ನು ಹೇಳುವ ಪದವೇ ಅಲ್ಲ. ಅಗಲವಾದ ಎಲೆಯ, ಹೂಬಿಟ್ಟು ಕಾಯಾಗುವ ಮರಗಳೆಲ್ಲ ಆ ಗುಂಪಿಗೆ ಸೇರುತ್ತವೆ. ದೇವದಾರು, ಪೈನ್ ಮೊದಲಾದ ಸೂಜಿಯೆಲೆಯ ಮರಗಳು ಇನ್ನೊಂದು ಗುಂಪಿಗೆ. ಆ ಪ್ರಕಾರ ತೇಗ, ಬೀಟೆ, ಹೊನ್ನೆ, ಮತ್ತಿಗಳ ಸಾಲಿನಲ್ಲಿಯೇ ಬೂರುಗವೂ ನಿಲ್ಲುತ್ತದೆ. ಬೆಂಕಿಕಡ್ಡಿ ಮಾಡುವ, ಉಗುರು ಊರಿದರೆ ಗುರುತು ನಿಲ್ಲುವ ಬೂರುಗವನ್ನು ‘ಕಠಿಣ ಮರ’ವೆಂದು ಪರೀಕ್ಷೆಯಲ್ಲಿ ಬರೆದ ವಿದ್ಯಾರ್ಥಿಗೆ ಪೂರ್ಣಾಂಕ ದೊರೆಯಬಹುದು, ಬಡಗಿಯ ಮುಂದೆ ಹೇಳಿದರೆ ಅವನು ಕೆಲಸ ಬಿಟ್ಟು ನಗುವನು. ಬಡಗಿಯು ಮರದ ಒಳತಿರುಳಿನ ಬಲಿತ ಭಾಗವನ್ನು ಚೇಗು ಎನ್ನುತ್ತಾನೆ, ಕೆಚ್ಚು ಎನ್ನುತ್ತಾನೆ. ಈ ಎರಡನೆಯ ಮಾತನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಮರದ ಕೆಚ್ಚೇ ಮನುಷ್ಯನ ಎದೆಗೂ ಬಂದು ಕೆಚ್ಚೆದೆಯಾಯಿತು. ಇಂಗ್ಲಿಷರ ಪೂರ್ವಿಕರು ಯಾವ ಪದದಿಂದ ಗಟ್ಟಿತನವನ್ನೂ ಶೌರ್ಯವನ್ನೂ ಹೇಳಿದರೋ, ಅದಕ್ಕೆ ನಿಜವಾಗಿಯೂ ಸರಿದೊರೆಯಾಗಬಲ್ಲ ಪದವು ಕನ್ನಡದಲ್ಲಿಯೇ ಹುಟ್ಟಿ ಬೆಳೆದಿದೆ. ಅದು ‘ಕಠಿಣ’ವಲ್ಲ. ಅದು ಬಡಗಿಯ ಬಾಯಲ್ಲಿಯೂ ವೀರಗಾಥೆಗಳಲ್ಲಿಯೂ ಬದುಕಿರುವಾಗ ಭಾಷಾಂತರಕಾರನ ಕಿವಿಗೆ ಬೀಳದೆ ಹೋದದ್ದು ಶೋಚನೀಯ.

ಇಷ್ಟಾದರೂ, ಕಲ್ಲು ಮರಗಳ ವಿಷಯದಲ್ಲಿ ತಪ್ಪು ತಿಳಿದರೆ ನಷ್ಟವೇನೆಂದು ಕೇಳುವವರಿರಬಹುದು. ಅಂಥವರು ನೀರಿನ ವಿಷಯವನ್ನು ಗಮನಿಸಬೇಕು. ನೀರನ್ನು ‘ಹಾರ್ಡ್’ ಎನ್ನುವಾಗ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ಧಾತುಗಳ ಲವಣಗಳು ಹೆಚ್ಚಾಗಿ ಕರಗಿವೆಯೆಂದು ಅರ್ಥ. ಅಂತಹ ನೀರಿನಲ್ಲಿ ಸಾಬೂನು ನೊರೆಗೊಡದು. ಬೇಳೆ ಬೇಗ ಬೇಯದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣದ ಪದರ ಕಟ್ಟುತ್ತದೆ. ಈ ಲವಣಗಳಲ್ಲಿ ಒಂದು ಬಗೆಯವು ಕುದಿಸಿದರೆ ತಳಕ್ಕಿಳಿಯುತ್ತವೆ. ಇನ್ನೊಂದು ಬಗೆಯವು ಇಳಿಯುವುದಿಲ್ಲ. ಭಾರತೀಯ ಮಾನಕ ಸಂಸ್ಥೆಯು ೨೦೧೨ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕದಂತೆ ಈ ಗುಣವು ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿರುವುದು ಲೇಸು; ಬೇರೆ ನೀರು ದೊರೆಯದಿದ್ದರೆ ೬೦೦ರ ವರೆಗೆ ಒಪ್ಪಬಹುದು. ಆ ಧಾತುಗಳು ದೇಹಕ್ಕೂ ಬೇಕಾದವುಗಳೇ. ಬಟ್ಟೆ ಒಗೆಯುವವರಿಗೂ ಕೊಳಾಯಿಗಳಿಗೂ ಅವುಗಳಿಂದ ತೊಂದರೆ ಹೆಚ್ಚು.

ಆದರೆ ‘ನೀರಿನ ಕಾಠಿಣ್ಯ’ವೆಂದು ಓದಿದವರ ಮನಸ್ಸಿನಲ್ಲಿ ಮೂಡುವುದೇನು? ಕಠಿಣವಾದುದು ಕ್ರೂರವಾದುದು, ಕೇಡಿನದು. ಮೃದುವಾದುದು ಹಿತವಾದುದು ಎಂಬ ಭಾವನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡು ಹಲ್ಲುಗಳನ್ನು ಕಲೆಗೊಳಿಸಿ, ಬಹುಕಾಲ ಕುಡಿದವರ ಮೂಳೆಗಳನ್ನೂ ಕೀಲುಗಳನ್ನೂ ಕೆಡಿಸಿದೆ. ಈ ಫ್ಲೋರೈಡು ಬೇರೆ, ‘ಹಾರ್ಡ್’ ಎಂಬ ಗುಣ ಬೇರೆ. ಅಷ್ಟೇ ಅಲ್ಲ, ಕ್ಯಾಲ್ಸಿಯಂ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡು ಹೆಚ್ಚು ನಿಲ್ಲಲಾರದು, ಅವೆರಡೂ ಕೂಡಿದ ಲವಣವು ಬಹು ಸ್ವಲ್ಪವೇ ಕರಗತಕ್ಕದ್ದಾದುದರಿಂದ; ಚೆನ್ನಾಗಿ ನೊರೆಗೊಡುವ ‘ಮೃದು’ ನೀರಿನಲ್ಲಿಯೇ ಅದು ಹೆಚ್ಚಾಗಿರುವುದುಂಟು. ಇನ್ನು ಕುದಿಸಿದರೆ ‘ಕಾಠಿಣ್ಯ’ ಹೋಗುವುದೆಂದು ಪುಸ್ತಕದಲ್ಲಿ ಓದಿ, ನೀರಿನ ದೋಷವೆಲ್ಲ ಹೋಯಿತೆಂದು ಭಾವಿಸಿ ಮಕ್ಕಳಿಗೆ ಕುಡಿಸುವ ತಾಯಿಯ ಗತಿಯೇನು? ಕುದಿಸುವುದರಿಂದ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅದೇ ೨೦೧೨ರ ಮಾನಕದಲ್ಲಿ ಫ್ಲೋರೈಡಿಗೆ ಬೇರೆಯೇ ಮಿತಿಯನ್ನು ಹಾಕಿರುವುದು ಈ ಕಾರಣದಿಂದ: ಲೀಟರಿಗೆ ಒಂದು ಮಿಲಿಗ್ರಾಂ ಲೇಸು, ಒಂದೂವರೆಯನ್ನು ಮೀರಕೂಡದು. ಒಂದು ವಿಶೇಷಣವನ್ನು ಅಸಡ್ಡೆಯಿಂದ ಭಾಷಾಂತರಿಸಿದುದರ ಫಲವು ಇಲ್ಲಿ ಮಕ್ಕಳ ಮೂಳೆಯ ವರೆಗೆ ಮುಟ್ಟಬಲ್ಲುದು. ಹಳ್ಳಿಯ ಹೆಂಗಸರು ಅದನ್ನು ‘ಬೇಳೆ ಬೇಯದ ನೀರು’ ಎನ್ನುವರು. ಆ ಮಾತಿನಲ್ಲಿ ದೋಷವು ಯಾವುದೆಂಬುದು ನಿಚ್ಚಳವಾಗಿದೆ; ಇಲ್ಲದ ದೋಷದ ಭಯವೂ ಇಲ್ಲ, ಇರುವ ದೋಷದ ಮರೆವೂ ಇಲ್ಲ.

ನ್ಯಾಯಾಲಯದ ಭಾಷೆಯಲ್ಲಿಯೂ ಇದೇ ಗೊಂದಲ. ೧೮೬೦ರ ಭಾರತೀಯ ದಂಡಸಂಹಿತೆಯು ಕಾರಾವಾಸವನ್ನು ಎರಡು ಬಗೆಯಾಗಿ ವಿಂಗಡಿಸಿತು. ‘ಹಾರ್ಡ್’ ದುಡಿಮೆಯೊಡನೆ ಕೂಡಿದುದು ಒಂದು, ಸಾದಾ ಕಾರಾವಾಸ ಇನ್ನೊಂದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ವಿಂಗಡಣೆಯನ್ನು ಉಳಿಸಿಕೊಂಡಿದೆ. ಇವೆರಡರ ಭೇದವಿರುವುದು ದುಡಿಮೆಯಲ್ಲಿ. ಕನ್ನಡದಲ್ಲಿ ಅದು ‘ಕಠಿಣ ಸಜೆ’ಯಾಗಿ, ‘ಕಠಿಣ ಶಿಕ್ಷೆ’ಯೆಂಬ ಸಾಮಾನ್ಯ ಮಾತಿನೊಡನೆ ಬೆರೆತುಹೋಯಿತು. ಪತ್ರಿಕೆಯನ್ನು ಓದುವವರು ಅಪರಾಧಿಗೆ ಸೆರೆಮನೆಯಲ್ಲಿ ಚಿತ್ರಹಿಂಸೆಯೋ ಉಪವಾಸವೋ ವಿಧಿಸಲ್ಪಟ್ಟಿದೆಯೆಂದು ಊಹಿಸಿದರೆ ತಪ್ಪು ಅವರದಲ್ಲ. ಹಾಗೆ ದುಡಿದ ಬಂದಿಗಳಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೯೮ರಲ್ಲಿ ತೀರ್ಮಾನಿಸಿತು. ‘ದುಡಿಮೆಯ ಸಜೆ’ಯೆಂದು ಹೇಳಿದ್ದರೆ ದುಡಿದವನಿಗೆ ಕೂಲಿಯೆಂಬುದು ಸಹಜವಾಗಿ ಹೊಳೆಯುತ್ತಿತ್ತು. ‘ಕಠಿಣ’ವೆಂದುದರಿಂದ, ಕ್ರೂರನಿಗೆ ಕ್ರೂರವಾದುದೇ ಸರಿ, ಅವನಿಗೇಕೆ ಕೂಲಿಯೆಂಬ ಕುಹಕಕ್ಕೆ ಎಡೆಯಾಗುತ್ತದೆ.

ಇನ್ನೆರಡು ಉದಾಹರಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕ್ಷ-ಕಿರಣಗಳಲ್ಲಿ ‘ಹಾರ್ಡ್’ ಎನ್ನಿಸಿಕೊಳ್ಳುವುವು ವಸ್ತುಗಳನ್ನು ಸುಲಭವಾಗಿ ಹಾಯ್ದುಹೋಗುವಂಥವು. ಅವನ್ನು ‘ಕಠಿಣ ಕಿರಣ’ವೆಂದರೆ ಏನು ಅರ್ಥವಾಗಬೇಕು? ‘ತೀಕ್ಷ್ಣ’ವೆಂದರೆ ಸಾಕಲ್ಲವೆ? ಇಂಗ್ಲಿಷಿನ ಅಕ್ಷರಪಾಠದಲ್ಲಿ ಗಕಾರದ ಉಚ್ಚಾರವನ್ನು ‘ಹಾರ್ಡ್’ ಎಂದೂ, ಅದೇ ಅಕ್ಷರದ ಜಕಾರದ ಉಚ್ಚಾರವನ್ನು ಅದಕ್ಕೆ ವಿರುದ್ಧವಾದುದೆಂದೂ ಕಲಿಸುತ್ತಾರೆ. ಕನ್ನಡ ವ್ಯಾಕರಣದಲ್ಲಿಯಾದರೋ ಕ ಚ ಟ ತ ಪಗಳು ಪರುಷಗಳು, ಗ ಜ ಡ ದ ಬಗಳು ಸರಳಗಳು; ಮಳೆ ಮತ್ತು ಕಾಲ ಸೇರಿ ಮಳೆಗಾಲವಾದಾಗ ಪರುಷವು ಸರಳವಾಗುತ್ತದೆ. ಇಂಗ್ಲಿಷಿನ ‘ಹಾರ್ಡ್’ ಗಕಾರವು ಕನ್ನಡದಲ್ಲಿ ಸರಳಾಕ್ಷರ! ಪದವನ್ನು ಪದಕ್ಕೆ ಕಟ್ಟುವವನು ಇಲ್ಲಿ ಎರಡು ವ್ಯಾಕರಣಗಳನ್ನೂ ಕೆಡಿಸಿಬಿಡುತ್ತಾನೆ.

ಇದಕ್ಕೆ ಪ್ರತಿಯಾಗಿ ಮೂರು ಪಕ್ಷದವರು ಮಾತನಾಡುವುದುಂಟು. ಮೊದಲನೆಯವರು ಏಕರೂಪತೆಯ ಪಕ್ಷದವರು. ಒಂದು ಇಂಗ್ಲಿಷ್ ಪದಕ್ಕೆ ಒಂದೇ ದೇಶೀಯ ಪದವಿರದಿದ್ದರೆ ಪಾಠ ಕಲಿಸುವುದು ಹೇಗೆ, ಪರೀಕ್ಷೆ ನಡೆಸುವುದು ಹೇಗೆ ಎಂಬುದು ಅವರ ವಾದ. ಒಂದು ಶಾಸ್ತ್ರದ ಒಳಗೆ ಈ ಮಾತು ನಿಜ. ಖನಿಜಶಾಸ್ತ್ರದಲ್ಲಿ ಗೀರನ್ನು ತಡೆಯುವ ಗುಣಕ್ಕೆ ‘ಗಡಸು’ ಎಂದು ಒಮ್ಮೆ ಗೊತ್ತುಮಾಡಿದ ಮೇಲೆ ಪುಟಪುಟಕ್ಕೂ ಬದಲಿಸಕೂಡದು. ಆದರೆ ಒಂದು ಶಾಸ್ತ್ರದ ಗೊತ್ತನ್ನು ಇನ್ನೊಂದಕ್ಕೆ ಎಳೆದು ತರುವುದು ಏಕರೂಪತೆಯಲ್ಲ. ವಿಷಯಗಳು ಏಕರೂಪವಾಗಿಲ್ಲದಿರುವಾಗ ಪದಗಳು ಮಾತ್ರ ಏಕರೂಪವಾದರೆ, ಹತ್ತು ಬಗೆಯ ಧಾನ್ಯಗಳ ಚೀಲಗಳಿಗೆ ಒಂದೇ ಚೀಟಿಯನ್ನು ಅಂಟಿಸಿದಂತಾಗುತ್ತದೆ. ಲೆಕ್ಕ ಬರೆಯುವವನಿಗೆ ಸುಲಭ, ಅಡುಗೆ ಮಾಡುವವನಿಗೆ ಅನರ್ಥ.

ಎರಡನೆಯವರು, ಇಷ್ಟು ತೊಡಕೇಕೆ, ‘ಹಾರ್ಡ್’ ಎಂದೇ ಇಟ್ಟುಕೊಳ್ಳೋಣವೆನ್ನುವರು. ವಸ್ತುವಿನೊಡನೆ ಬಂದ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕೆ ಯಾರ ಆಕ್ಷೇಪಣೆಯೂ ಇರಬೇಕಾಗಿಲ್ಲ. ಗಣಕಯಂತ್ರದ ಹಾರ್ಡ್‌ವೇರನ್ನು ಅಂಗಡಿಯವರೂ ಕೊಳ್ಳುವವರೂ ಆ ಹೆಸರಿನಿಂದಲೇ ಬಲ್ಲರು. ಹೆಸರು ಒಂದು, ವಿಶೇಷಣ ಇನ್ನೊಂದು. ಗುಣವನ್ನು ಹೇಳುವ ಮಾತನ್ನು ಎರವಲು ತಂದರೆ ಗುಣದ ತಿಳಿವಳಿಕೆಯೂ ಎರವಲಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಇರುವ ಗೊಂದಲವೆಲ್ಲವೂ ಕನ್ನಡ ಲಿಪಿಯಲ್ಲಿ ಹಾಗೆಯೇ ಬಂದು ಕೂರುತ್ತದೆ.

ಮೂರನೆಯವರು ಅಚ್ಚಗನ್ನಡದ ಅಭಿಮಾನಿಗಳು. ಸಂಸ್ಕೃತದ ‘ಕಠಿಣ’ವನ್ನು ತೆಗೆದುಹಾಕಿ, ಎಲ್ಲೆಡೆಯಲ್ಲಿಯೂ ‘ಗಟ್ಟಿ’ಯನ್ನೋ ‘ಗಡಸ’ನ್ನೋ ಇಟ್ಟರೆ ಎಲ್ಲವೂ ಸರಿಹೋಗುವುದೆಂದು ಇವರ ನಂಬಿಕೆ. ಇವರ ಅಭಿಮಾನವು ಶ್ಲಾಘ್ಯವೇ. ಆದರೆ ರೋಗ ಅದೇ, ಅಂಗಿ ಮಾತ್ರ ಬೇರೆ. ‘ಗಟ್ಟಿ ನೀರು’ ಎಂದರೆ ಕೇಳಿದವರು ಮಂಜುಗಡ್ಡೆಯೆಂದು ತಿಳಿಯುವರು. ‘ಗಡಸು ಪ್ರಶ್ನೆ’ಯೆಂದರೆ ಪ್ರಶ್ನೆ ಕೇಳಿದವನ ಸಿಡುಕೆಂದು ತಿಳಿಯುವರು. ‘ಕಠಿಣ’ವೆಂಬ ಪದದ ಮೇಲೆ ಹಗೆಯೇಕೆ? ದಯೆಯಿಲ್ಲದ ಮಾತು, ಸ್ವಲ್ಪವೂ ಸಡಿಲಬಿಡದ ನಿಯಮ, ನಿಷ್ಠುರವಾದ ವ್ರತ ಇವುಗಳಿಗೆ ಅದು ತಕ್ಕ ಪದವೇ. ಅಲ್ಲಿ ಅದು ಬಾಳಲಿ. ಅದರ ಸ್ಥಾನದಿಂದ ಎಬ್ಬಿಸಿ, ನೀರಿನಲ್ಲಿ ಮುಳುಗಿಸಿ, ಕಾಡಿನಲ್ಲಿ ಅಲೆಸಿ, ಗಣಿಗಿಳಿಸಿದುದರಿಂದಲೇ ಅದು ಸವೆದುಹೋಗಿದೆ. ‘ಕಠಿಣ ಕ್ರಮ’ವೆಂಬ ಮಾತಿಗೆ ಈಗ ಯಾವ ತಪ್ಪಿತಸ್ಥನೂ ಹೆದರದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ನಿಘಂಟುಗಳ ಮೇಲೆ ಹೊರೆ ಹೊರಿಸಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ವಿಲಿಯಂ ರೀವನ ಇಂಗ್ಲಿಷ್-ಕನ್ನಡ ಕೋಶವು ೧೮೨೪ರಲ್ಲಿಯೇ ಮದರಾಸಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ೧೯೪೬ರಲ್ಲಿ ಹೊರಬಂದಿತು. ಕೋಶಕಾರನು ಒಂದು ಪದದ ಮುಂದೆ ಹಲವು ಅರ್ಥಗಳನ್ನು ಸಾಲಾಗಿ ಇಡುವುದು ಆರಿಸಿಕೊಳ್ಳುವುದಕ್ಕಾಗಿ. ಸಾಲಿನ ಮೊದಲನೆಯದನ್ನು ಕಿತ್ತುಕೊಂಡು ಓಡುವುದು ಓದುಗನ ಆತುರ. ಅದಕ್ಕೆ ಕೋಶಕಾರನು ಹೊಣೆಯಲ್ಲ.

ಇನ್ನು ಆಗಬೇಕಾದುದೇನೆಂದರೆ, ಪಠ್ಯಪುಸ್ತಕಗಳನ್ನು ಬರೆಯುವವರೂ ಪತ್ರಿಕೆಗಳಿಗೆ ಸುದ್ದಿಯನ್ನು ತಿರುಗಿಸುವವರೂ ಇಂಗ್ಲಿಷ್ ಪದವನ್ನು ನೋಡುವ ಮೊದಲು ಅದು ಹೇಳುವ ವಸ್ತುವನ್ನು ನೋಡಬೇಕು. ಗೀರಿಗೆ ಮಣಿಯದುದು ಗಡಸು. ಪೆಟ್ಟಿಗೆ ಸಿಡಿಯುವುದು ಪೆಡಸು. ಮರದ ಬಲಿತ ತಿರುಳು ಕೆಚ್ಚು. ಬಿಡಿಸಲಾಗದ ಪ್ರಶ್ನೆ ತೊಡಕಿನದು. ಮೈಮುರಿಯುವ ಕೆಲಸ ಕಡುದುಡಿಮೆ. ದಯೆಯಿಲ್ಲದ ಮಾತು ಕಠಿಣ ಅಥವಾ ನಿಷ್ಠುರ. ನೀರಿಗೆ ‘ಗಡಸು’ ಎಂಬುದು ಈಗಾಗಲೇ ಬಳಕೆಗೆ ಬಂದಿರುವುದರಿಂದ ಅದನ್ನು ಕಿತ್ತುಹಾಕುವುದು ಬೇಡ. ಆದರೆ ಅದನ್ನು ಮೊದಲು ಹೇಳುವ ಪಾಠದಲ್ಲಿಯೇ, ನೊರೆಗೊಡದ, ಬೇಳೆ ಬೇಯದ, ಸುಣ್ಣದಂಶದ ನೀರೆಂದು ಬಿಡಿಸಿ ಹೇಳಿ, ಫ್ಲೋರೈಡಿನ ದೋಷ ಇದಕ್ಕಿಂತ ಬೇರೆಯೆಂಬ ಒಂದು ವಾಕ್ಯವನ್ನು ತಪ್ಪದೆ ಸೇರಿಸಬೇಕು. ಇದಕ್ಕೆ ದೊಡ್ಡ ಸಮಿತಿಗಳಾಗಲಿ ಹಣವಾಗಲಿ ಬೇಕಾಗಿಲ್ಲ. ಬರೆಯುವವರು ವರ್ಷಕ್ಕೊಮ್ಮೆಯಾದರೂ ಕುಲುಮೆಯ ಬಳಿಯಲ್ಲಿ, ಬಡಗಿಯ ಅಂಗಳದಲ್ಲಿ, ಬಾವಿಕಟ್ಟೆಯ ಮೇಲೆ ಕಿವಿದೆರೆದು ನಿಂತರೆ, ನಿಘಂಟಿನಲ್ಲಿ ಹುಡುಕಿ ಸಿಕ್ಕದ ಅನೇಕ ಮಾತುಗಳು ಅಲ್ಲಿ ಕೇಳದೆಯೇ ದೊರೆಯುತ್ತವೆ.